ರಸ್ತೆಯಾಚೆಯ ದ್ವೀಪ

ಪಾರ್ಕಿನ ಶೆಡ್ಡು
ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಕ್ಕ,

ನಾನು ಕ್ಷೇಮ. ಸಿಟ್ಟಿನಲ್ಲಿದ್ದರೂ ಕ್ಷೇಮ. ನೀನೂ ಹಾಗೆಯೇ ಇದ್ದೀಯೆಂದು ನಿನ್ನ ಸಹಿ ನೋಡಿದಾಗಲೇ ಗೊತ್ತಾಯಿತು. ಸಿಟ್ಟು ಬಂದಾಗ ನೀನು ಹೆಸರಿನ ಕೊನೆಯ ಗೆರೆಯನ್ನು ಕಾಗದದ ಅಂಚಿನವರೆಗೂ ಎಳೆಯುತ್ತೀಯ. ಆಜ್ಞೆ ನಿನ್ನೆ ಬಂತು. ಜವಾನ ಅದನ್ನು ಕೊಡುವಾಗ ನನ್ನ ಮುಖ ನೋಡಲಿಲ್ಲ. ಅದರಲ್ಲಿ ನಾನು ‘ಮಾದರಿ ವಿಭಾಗದ ಮೇಲ್ವಿಚಾರಕಿ’, ನೀನು ‘ನಿರ್ದೇಶಕಿ’. ಅದೇ ಧಾಟಿಯಲ್ಲಿ ಉತ್ತರ ಬರೆಯಲು ಕೂತು ಎರಡು ಸಾಲು ಬರೆದು ಹರಿದು ಹಾಕಿದೆ. ನಿನ್ನ ಕೈಯಲ್ಲಿ ಜಡೆ ಹಾಕಿಸಿಕೊಂಡು ಬೆಳೆದವಳು ನಾನು, ನಿನ್ನನ್ನು ‘ಮಾನ್ಯರೇ’ ಎಂದು ಕರೆಯಲು ಪೆನ್ನು ಏಳಲಿಲ್ಲ. ಅದಕ್ಕೇ ತಂಗಿಯಾಗಿ ಬರೆಯುತ್ತಿದ್ದೇನೆ.

ನೀನು ಹೇಳಿರುವುದು ಇಷ್ಟು. ಶುಕ್ರವಾರ ಮಂತ್ರಿಗಳು ಬಂದು ಪಾರ್ಕನ್ನು ಉದ್ಘಾಟಿಸುವ ಮೊದಲು, ಕಾಂಪೌಂಡಿನ ಹೊರಗೆ ಸೈಕಲ್ ಅಂಗಡಿಯ ಅಂಗಳದಲ್ಲಿ ನಾನು ಅನುಮತಿಯಿಲ್ಲದೆ ಕಟ್ಟಿಸಿದ ಸಿಮೆಂಟಿನ ದ್ವೀಪಗಳನ್ನು ಒಡೆಸಬೇಕು. ಅವುಗಳ ಬದಲು ರಾಜಧಾನಿಯಿಂದ ಬಂದಿರುವ ಪೆಟ್ಟಿಗೆಯನ್ನು ದಕ್ಷಿಣ ಕರಾವಳಿಯ ಪಕ್ಕ, ಕೊಳದ ಮೂಲೆಯಲ್ಲಿ ಕೂರಿಸಬೇಕು. ತಪ್ಪಿದರೆ ನನ್ನನ್ನು ಕೆಲಸದಿಂದ ತೆಗೆಯಲಾಗುವುದು. ಕಡ್ಡಿ ಮುರಿದಂತೆ ಹೇಳುತ್ತೇನೆ ಅಕ್ಕ, ಒಡೆಸುವುದಿಲ್ಲ. ಪೆಟ್ಟಿಗೆ ಕೂರಿಸುವುದೂ ಇಲ್ಲ. ಕೆಲಸದಿಂದ ತೆಗೆಯುವುದು ನಿನ್ನ ಕೈಯಲ್ಲಿದೆ, ತೆಗೆ.

ಇಲ್ಲಿಗೆ ನಿಲ್ಲಿಸಿದರೆ ಉತ್ತರ ಮುಗಿಯಿತು. ಆದರೆ ನೀನು ಕಳೆದ ತಿಂಗಳು ಪರಿಶೀಲನೆಗೆಂದು ಬಂದು ಅರ್ಧ ಸುತ್ತು ಹಾಕಿ ಹೋದವಳು. ಒಡೆಯಿರಿ ಎಂದು ಬರೆದ ಮೇಲೆ ಏನನ್ನು ಒಡೆಯಲು ಹೇಳಿದ್ದೇನೆ ಎಂಬುದಾದರೂ ನಿನಗೆ ಗೊತ್ತಿರಲಿ.

ಇಡೀ ದೇಶ ಇಲ್ಲಿ ಸಿಮೆಂಟಿನ ಮಾದರಿಯಾಗಿ ನೆಲದ ಮೇಲೆ ಮಲಗಿದೆ. ಉತ್ತರದ ಹಿಮಬೆಟ್ಟಗಳು ನನ್ನ ಎದೆಮಟ್ಟಕ್ಕೆ ಬರುತ್ತವೆ, ತುದಿಗೆ ಸುಣ್ಣ ಹೊಡೆದಿದ್ದೇವೆ. ಅದರ ಕೆಳಗೆ ಕಾಡಿನ ಗುಡ್ಡಗಳು ಒಂದರ ಬೆನ್ನಿಗೊಂದು ಒರಗಿಕೊಂಡಿವೆ. ನಡುವಿನ ಪ್ರಸ್ಥಭೂಮಿಗೆ ಕಪ್ಪು ಜಲ್ಲಿ ಅರೆದು ಹಾಕಿದ್ದೇವೆ, ಬಿಸಿಲಿಗೆ ಕಾದು ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ. ನಿಜವಾದ ಪ್ರಸ್ಥಭೂಮಿಯೂ ಹಾಗೆಯೇ ಇದೆಯಂತೆ. ಪಶ್ಚಿಮದಲ್ಲಿ ನದಿ ಬಂಡೆಯನ್ನು ಕೊರೆದು ಮಾಡಿದ ಕಣಿವೆಯಲ್ಲಿ ಮೊಣಕೈವರೆಗೂ ತೋಳು ಇಳಿಸಬಹುದು. ಪೂರ್ವದ ಜೌಗಿಗೆ ಪಾಚಿ ತಂದು ಬೆಳೆಸಿದ್ದೇವೆ. ಮತ್ತೆ ಉಪ್ಪಿನ ತಗ್ಗು, ಸಮುದ್ರಕ್ಕಿಂತಲೂ ಕೆಳಗಿರುವ ಜಾಗ. ನೀನು ಅದನ್ನು ಕಾಮಗಾರಿ ಬಾಕಿ ಇರುವ ಗುಂಡಿ ಎಂದುಕೊಂಡು ಬೇಗ ಮುಚ್ಚಿಸಿ ಎಂದೆ. ನಾನು ಆಗಲಿ ಮೇಡಂ ಎಂದೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರ ಸೀಮೆಯನ್ನು ಅವರೇ ಕಟ್ಟಬೇಕು. ನಾನು ಹುಡುಕಿ ಹುಡುಕಿ ಒಂದೊಂದು ಕಡೆಯವರನ್ನು ಕೆಲಸಕ್ಕೆ ಸೇರಿಸಿಕೊಂಡೆ. ಅದರಿಂದಾದ ಫಜೀತಿ ಕೇಳು. ಹಿಮದ ಮೇಸ್ತ್ರಿ ಎಂದು ನಾವು ಕರೆಯುವ ಉತ್ತರದವನ ಶಿಖರ ದಿನ ಬೆಳಗಾದರೆ ಸ್ವಲ್ಪ ಸ್ವಲ್ಪ ಬೆಳೆಯುತ್ತಿತ್ತು. ನಾನು ಅಳತೆಕೋಲು ಹಿಡಿದು ಹೋಗಿ ಕೆತ್ತಿಸುತ್ತಿದ್ದೆ, ಮಾರನೆಯ ದಿನ ನೋಡಿದರೆ ಮತ್ತೆ ಒಂದು ಕರಣೆ ಸಿಮೆಂಟು ಮೇಲೇರಿರುತ್ತಿತ್ತು. ಕೇಳಿದರೆ, ಹೊಸ ಹಿಮ ಬಿದ್ದಿರಬೇಕು ಎಂದು ಮೀಸೆಯಲ್ಲೇ ನಗುತ್ತಿದ್ದ. ಅವನನ್ನು ನೋಡಿ ಕಾಡುಗುಡ್ಡದವನೂ ಕೈಚಳಕ ಶುರು ಮಾಡಿದ. ಎಲ್ಲರ ಹೊಟ್ಟೆಯಲ್ಲೂ ಒಂದೇ ಉರಿ, ತಮ್ಮ ಊರು ಪಕ್ಕದವನ ಊರಿಗಿಂತ ತಗ್ಗಿನಲ್ಲಿ ಕಾಣಬಾರದು.

ಉಪ್ಪಿನ ತಗ್ಗಿನಿಂದ ಬಂದವಳು ಮಾತ್ರ ಮೊದಲ ವಾರ ತಲೆ ಎತ್ತಲಿಲ್ಲ. ಎಲ್ಲರೂ ಪೇರಿಸುತ್ತಿದ್ದರೆ ಅವಳೊಬ್ಬಳು ಅಗೆಯಬೇಕಿತ್ತು. ಒಂದು ಸಂಜೆ ಮಳೆ ಹೊಡೆಯಿತು, ನೀರೆಲ್ಲ ಬೆಟ್ಟದಿಂದ ಇಳಿದು ಅವಳ ತಗ್ಗಿಗೆ ಬಂದು ನಿಂತಿತು, ಬೆಳಿಗ್ಗೆ ನೋಡಿದರೆ ಗುಬ್ಬಿಗಳು ಅಲ್ಲೇ ಸ್ನಾನ ಮಾಡುತ್ತಿದ್ದವು. ಅವತ್ತಿನಿಂದ ಅವಳ ನಡಿಗೆಯೇ ಬದಲಾಯಿತು. ಈಗ ಹಿಮದ ಮೇಸ್ತ್ರಿಗೂ ಸೊಪ್ಪು ಹಾಕುವುದಿಲ್ಲ.

ದಕ್ಷಿಣ ಕರಾವಳಿ ಮುಗಿದ ಮೇಲೆ ನನ್ನ ಸರದಿ ಬಂತು. ನಮ್ಮ ದ್ವೀಪಗಳು. ಕರಾವಳಿಯ ಬಂದರಿನಲ್ಲಿ ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಬೆಟ್ಟ ಕಣಿವೆಗಳ ನಡುವಿನ ದೂರಕ್ಕೆ ಇಟ್ಟ ಅದೇ ಪ್ರಮಾಣದಲ್ಲಿ ಅಳೆಯುತ್ತಾ ಹೋದೆ. ಸಮುದ್ರಕ್ಕೆಂದು ತೋಡಿದ ಕೊಳ ಮುಗಿಯಿತು. ಹುಲ್ಲುಹಾಸು ಮುಗಿಯಿತು. ಕಾಂಪೌಂಡು ಗೋಡೆ ಬಂತು, ಕೈಯಲ್ಲಿ ಹಗ್ಗ ಇನ್ನೂ ಉಳಿದಿತ್ತು. ಗೋಡೆಯಾಚೆಗೆ ಎಸೆದು, ಗೇಟು ಸುತ್ತಿ ಹೋಗಿ, ಹಗ್ಗದ ತುದಿ ಹಿಡಿದುಕೊಂಡೇ ರಸ್ತೆ ದಾಟಿದೆ. ಬಸ್ಸಿನವನೊಬ್ಬ ಹಾರ್ನ್ ಬಾರಿಸಿ ಬೈದ. ಹಗ್ಗ ಮುಗಿದಾಗ ನಾನು ಪಂಕ್ಚರಣ್ಣನ ಅಂಗಡಿಯ ಅಂಗಳದಲ್ಲಿ, ಅವನು ಟ್ಯೂಬು ಮುಳುಗಿಸಿ ನೋಡುವ ನೀರಿನ ತೊಟ್ಟಿಯ ಪಕ್ಕ ನಿಂತಿದ್ದೆ.

ಪಂಕ್ಚರಣ್ಣ ಎಂದರೆ ಆ ಸೈಕಲ್ ಅಂಗಡಿಯ ಯಜಮಾನ. ಅಂಗಡಿಯೂ ಅಂಗಳವೂ ಅವನ ಸ್ವಂತದ್ದು. ಬೀದಿಗೆಲ್ಲ ಅವನು ಅಣ್ಣ, ಯಾರಿಗೂ ಅವನ ಹೆಸರು ಬೇಕಾಗಿಲ್ಲ. ನಾನು ಹಗ್ಗ ಹಿಡಿದು ಬೆಪ್ಪಾಗಿ ನಿಂತಿದ್ದನ್ನು ಕಂಡು ವಿಷಯ ಕೇಳಿದ. ಹೇಳಿದೆ. ಆ ಪಾರ್ಕಿನಲ್ಲಿ ಕಾಣುವುದು ದೇಶ, ಈ ರಸ್ತೆ ಸಮುದ್ರ, ನೀನು ಕೂತಿರುವುದು ನನ್ನ ಊರಿನ ಮೇಲೆ ಎಂದೆ. ಅವನು ಟ್ಯೂಬನ್ನು ಕೆಳಗಿಟ್ಟು ಯೋಚನೆ ಮಾಡಿದ. “ಅಂಗಡಿ ಮುಂದೆ ಸಮುದ್ರ ಬರತ್ತೆ ಅಂತ ಮೊದ್ಲೇ ಹೇಳಿದ್ರೆ ಸೈಕಲ್ ಬಿಟ್ಟು ದೋಣಿ ರಿಪೇರಿ ಕಲೀತಿದ್ನಲ್ಲಮ್ಮ” ಎಂದ. ಆಮೇಲೆ ಎದ್ದು ತೊಟ್ಟಿಯನ್ನು ತಾನೇ ಪಕ್ಕಕ್ಕೆ ಎಳೆದು ಜಾಗ ಮಾಡಿಕೊಟ್ಟ.

ಹೀಗೆ ನಮ್ಮ ದ್ವೀಪಗಳು ಅಲ್ಲಿ ಆದವು. ದೊಡ್ಡದು ಒಂದು ಗೇಣಿನಷ್ಟು, ಉಳಿದವು ಅಂಗೈ, ಬೆರಳು, ಉಗುರು. ನಮ್ಮ ದೀಪದ ಗುಡ್ಡ ಎಷ್ಟು ಎತ್ತರ ಬಂತು ಗೊತ್ತೇ? ಒಂದು ಬೆರಳಗಲ. ನಾನೂ ಹಿಮದ ಮೇಸ್ತ್ರಿಯ ಹಾಗೆ ಒಂದು ಚಿಟಿಕೆ ಸಿಮೆಂಟು ಜಾಸ್ತಿ ಹಾಕಬಹುದಿತ್ತು, ಅಳೆಯುವವರು ಯಾರೂ ಇರಲಿಲ್ಲ. ಹಾಕಲಿಲ್ಲ. ನಮಗೆ ಎತ್ತರದ ಆಸೆ ಯಾವತ್ತೂ ಇರಲಿಲ್ಲ ಅಕ್ಕ. ನಾವು ದೂರ ಇದ್ದೇವೆ ಎಂಬುದನ್ನು ಒಪ್ಪಿಕೊಂಡರೆ ಸಾಕಾಗಿತ್ತು.

ಕಳೆದ ತಿಂಗಳು ಫೋನಿನಲ್ಲಿ ನೀನು ಒಂದು ವಾದ ಹೂಡಿದೆ. ಬೆಟ್ಟಗಳ ಎತ್ತರವನ್ನೇ ಹತ್ತರಷ್ಟು ಹೆಚ್ಚಿಸಿ ಕಟ್ಟಿದ್ದೀರಿ, ಇಲ್ಲದಿದ್ದರೆ ಹಿಮಬೆಟ್ಟವೂ ಅಂಗೈಯಗಲ ಏಳುತ್ತಿತ್ತು, ಅಲ್ಲಿ ಇಲ್ಲದ ಸತ್ಯ ದ್ವೀಪಕ್ಕೆ ಮಾತ್ರ ಎಲ್ಲಿಂದ ಬಂತು ಎಂದು ಕೇಳಿದೆ. ನಿನ್ನ ಬುದ್ಧಿಗೆ ನಾನು ಚಿಕ್ಕಂದಿನಿಂದ ಹೆದರಿದವಳು, ಅವತ್ತು ಫೋನು ಇಟ್ಟುಬಿಟ್ಟೆ. ಈಗ ಹೇಳುತ್ತೇನೆ. ಎತ್ತರದ ವಿಷಯದಲ್ಲಿ ನಾವು ಸುಳ್ಳು ಹೇಳಿದ್ದೇವೆ, ನಿಜ. ಆದರೆ ಎಲ್ಲರಿಗೂ ಒಂದೇ ಸುಳ್ಳು ಹೇಳಿದ್ದೇವೆ. ಹಿಮಬೆಟ್ಟಕ್ಕೂ ಹತ್ತರಷ್ಟು, ದೀಪದ ಗುಡ್ಡಕ್ಕೂ ಹತ್ತರಷ್ಟು, ಉಪ್ಪಿನ ತಗ್ಗಿಗೂ ಹತ್ತರಷ್ಟು ಆಳ. ದೂರದ ವಿಷಯಕ್ಕೆ ಬಂದಾಗ ನೀನು ನಮ್ಮೊಬ್ಬರಿಗೆ ಮಾತ್ರ ಬೇರೆ ಲೆಕ್ಕ ಮಾಡುತ್ತಿದ್ದೀಯ. ಹಿಮಬೆಟ್ಟ ಗೇಟಿನ ಹತ್ತಿರ ಇದ್ದರೆ ಬಂದವರಿಗೆ ಅನುಕೂಲ ಎಂದು ಯಾರಾದರೂ ಅದನ್ನು ಕಿತ್ತು ತಂದು ಗೇಟಿನ ಪಕ್ಕ ಇಡುತ್ತಾರೆಯೇ?

ನೀನು ಕಳಿಸಿದ ಪೆಟ್ಟಿಗೆಯ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಲಾರಿಯಿಂದ ನಾಲ್ಕು ಜನ ಇಳಿಸಿದರು. ಗಾಜಿನ ಮುಚ್ಚಳ, ಒಳಗೆ ನೀಲಿ ಬಣ್ಣ, ಅದರ ಮೇಲೆ ಹಸಿರು ಪ್ಲಾಸ್ಟಿಕ್ಕಿನ ದ್ವೀಪಗಳು, ಎಲ್ಲವೂ ಒಂದೇ ಅಚ್ಚಿನಲ್ಲಿ ಬಿದ್ದ ಇಡ್ಲಿಯ ಹಾಗೆ. ದೀಪದ ಗುಡ್ಡವೇ ಇಲ್ಲ. ಶೆಡ್ಡಿನಲ್ಲಿ ಕಾಗೆ ಕಾಟ ಜಾಸ್ತಿ, ಹಾಗಾಗಿ ನಮ್ಮವರು ಊಟದ ಡಬ್ಬಿಗಳನ್ನು ಅದರಲ್ಲಿಟ್ಟು ಮುಚ್ಚಳ ಹಾಕುತ್ತಾರೆ. ಅದಕ್ಕಂತೂ ತುಂಬಾ ಚೆನ್ನಾಗಿದೆ, ನಾನು ದೂರು ಹೇಳುವುದಿಲ್ಲ.

ಆ ಪರಿಶೀಲನೆಯ ದಿನ ನೀನು ಎಲ್ಲರೆದುರು ನನ್ನನ್ನು ‘ನೀವು’ ಎಂದೆ, ನಾನು ‘ಮೇಡಂ’ ಎಂದೆ. ಅದರಲ್ಲಿ ಬೇಜಾರಿಲ್ಲ, ಆಫೀಸಿನ ರೀತಿಯೇ ಹಾಗೆ. ನಾವು ಅಕ್ಕತಂಗಿಯರೆಂದು ಇಲ್ಲಿ ಯಾರಿಗೂ ಹೇಳಬೇಡ ಎಂದು ನೀನು ಹೇಳಿದ್ದೆ, ನಾನು ಹೇಳಿಲ್ಲ. ಆದರೆ ಉಪನಿರ್ದೇಶಕರು ಮಾತಿನ ನಡುವೆ ನಿಮ್ಮ ಊರು ಇದರಲ್ಲಿ ಎಲ್ಲಿ ಬರುತ್ತದೆ ಮೇಡಂ ಎಂದು ಕೇಳಿದರು. ನೀನು ಚಪ್ಪಲಿಯ ತುದಿಯಿಂದ ದಕ್ಷಿಣ ಕರಾವಳಿಯ ಬಂದರನ್ನು ತೋರಿಸಿದೆ. ಆ ಬಂದರಿನ ಕಟ್ಟೆಯನ್ನು ನಾನೇ ನಿಂತು ಕಟ್ಟಿಸಿದ್ದೇನೆ. ಅಲ್ಲಿ ನಮ್ಮ ಮನೆ ಇಲ್ಲ ಅಕ್ಕ.

ಅವತ್ತು ರಾತ್ರಿ ಊಟ ಸೇರಲಿಲ್ಲ. ಆದರೆ ನಿನ್ನ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ, ಯಾಕೆಂದರೆ ನಿನ್ನನ್ನು ಹಾಗೆ ಮಾಡಿದ್ದು ಯಾವುದು ಎಂದು ನನಗೆ ಗೊತ್ತಿದೆ. ನಮ್ಮ ಶಾಲೆಯ ಗೋಡೆಯಲ್ಲಿದ್ದ ನಕ್ಷೆ ನೆನಪಿದೆ ತಾನೆ? ದೇಶವೆಲ್ಲ ಅಗಲವಾಗಿ ಹರಡಿಕೊಂಡಿತ್ತು, ನಾವು ಮಾತ್ರ ಕೆಳಗಿನ ಮೂಲೆಯಲ್ಲಿ ಚೌಕದೊಳಗೆ. ನಮ್ಮನ್ನೇಕೆ ಪೆಟ್ಟಿಗೆಯಲ್ಲಿ ಹಾಕಿದ್ದಾರೆ ಎಂದು ನೀನು ಎದ್ದು ನಿಂತು ಕೇಳಿದೆ, ಮೇಷ್ಟ್ರು ಕಾಗದ ಸಾಲಲಿಲ್ಲವಮ್ಮ ಎಂದರು. ನಮ್ಮೂರಿನಿಂದ ಮೊಟ್ಟಮೊದಲು ಕಾಲೇಜಿಗೆ ಹೋದವಳು ನೀನು. ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತಾ ದಿನಗಟ್ಟಲೆ ಹೋಗಿ ಹಾಸ್ಟೆಲ್ಲು ಸೇರಿದರೆ, ಅಲ್ಲಿನ ಹುಡುಗಿಯರು ನಕ್ಷೆ ತೋರಿಸಿ, ಇಲ್ಲೇ ಪಕ್ಕದಲ್ಲಿದ್ದೀಯ, ದೂರ ದೂರ ಎಂದು ಬುರುಡೆ ಬಿಡುತ್ತೀಯ ಎಂದು ನಕ್ಕರಂತೆ. ನಿನಗೆ ‘ಪೆಟ್ಟಿಗೆ’ ಎಂದೇ ಹೆಸರಿಟ್ಟರಂತೆ. ಅಂದಿನಿಂದ ನೀನು ಬಂದರಿನವಳಾದೆ.

ಇನ್ನೊಂದನ್ನು ನೀನೇ ನನಗೆ ಹೇಳಿದ್ದೀಯ. ನಾನು ಓದಲು ಬಂದ ದಿನ, ಹಡಗುಕಟ್ಟೆಯ ಮೆಟ್ಟಿಲ ಮೇಲೆ, ನನ್ನ ಟ್ರಂಕಿನ ಮೇಲೆ ಕೂತು. ಅಪ್ಪನ ಕಾಯಿಲೆ ತೀರಾ ಜೋರಾಗಿದೆ ಎಂದು ತಂತಿ ಬಂದಾಗ ನೀನು ಕೆಲಸಕ್ಕೆ ಸೇರಿ ಹೊಸದು. ರಜೆ ಕೇಳಲು ಹೋದೆ. ನಿನ್ನ ಸೂಪರಿಂಟೆಂಡೆಂಟು ಕೆಟ್ಟವರೇನೂ ಅಲ್ಲ. ಕುರ್ಚಿಯಲ್ಲಿ ತಿರುಗಿ ಹಿಂದಿದ್ದ ನಕ್ಷೆಯ ಮೇಲೆ ಬೆರಳಿಟ್ಟು, “ಇಲ್ಲೇ ಪಕ್ಕದಲ್ಲೇ ಇದೆಯಲ್ಲಮ್ಮ, ಎರಡು ದಿನ ಸಾಕು, ಹೋಗಿ ಬಾ” ಎಂದರು. ಎರಡು ದಿನದಲ್ಲಿ ಹಡಗು ನಮ್ಮೂರನ್ನು ಕಣ್ಣಿನಿಂದಲೂ ಕಾಣುವುದಿಲ್ಲ. ನೀನು ಅವರಿಗೆ ಹಾಗೆಂದು ಹೇಳಿದೆ, ಅವರು ಮತ್ತೆ ನಕ್ಷೆ ನೋಡಿದರು, ಆಮೇಲೆ ನಿನ್ನನ್ನು ನೋಡಿದರು. ನೀನು ಚೀಲ ತೆಗೆದುಕೊಂಡು ಬಂದರಿಗೆ ಹೋಗಿ ಕೂತೆ. ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ನನ್ನ ಓದು ಹೋಗುತ್ತದೆ. ಹಡಗು ನಿನ್ನ ಕಣ್ಣೆದುರಿಗೇ ಹೊರಟಿತು. ಅಮ್ಮನಿಗೆ ಹಡಗು ತಪ್ಪಿತು ಎಂದು ಬರೆದೆ. ಅವಳು ಇಂದಿಗೂ ಅದನ್ನೇ ನಂಬಿದ್ದಾಳೆ, ಯಾರಾದರೂ ಕೇಳಿದರೆ ಪಾಪ ನನ್ನ ಮಗಳಿಗೆ ಹಡಗು ತಪ್ಪಿತು ಎನ್ನುತ್ತಾಳೆ. ನಾನು ಬಾಯಿ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ನೀನು ಅಂದು ಬಂದರಿನಲ್ಲಿ ಕೂತದ್ದರಿಂದ ನಾನು ಓದಿದೆ. ಆ ಋಣವನ್ನು ನಾನು ಒಂದು ದಿನವೂ ಮರೆತಿಲ್ಲ. ಆದರೆ ಅದೇ ಋಣಕ್ಕೆ ನಾನು ನಿನ್ನ ಮಾತು ಕೇಳಿ ಆ ಚೌಕವನ್ನು ಮತ್ತೆ ಕಟ್ಟಬೇಕೆಂದರೆ, ಆಗುವುದಿಲ್ಲ. ನಿನಗೆ ಅಪ್ಪನ ಮುಖ ತಪ್ಪಿಸಿದ್ದು ಅದು. ಮುಂದೆ ಇನ್ನೊಬ್ಬ ಒಳ್ಳೆಯ ಸೂಪರಿಂಟೆಂಡೆಂಟು ಆಗುವ ಹುಡುಗ ನಾಳೆ ಈ ಪಾರ್ಕಿಗೆ ಬಂದು, ಕರಾವಳಿಯಿಂದ ಒಂದು ಹೆಜ್ಜೆಗೆ ದ್ವೀಪ ಎಂದು ನೋಡಿಕೊಂಡು ಹೋಗುತ್ತಾನೆ. ದೊಡ್ಡವನಾದ ಮೇಲೆ ಯಾರದೋ ರಜೆಯ ಅರ್ಜಿಯ ಮೇಲೆ ಎರಡು ದಿನ ಎಂದು ಬರೆಯುತ್ತಾನೆ. ಅದನ್ನು ಬರೆಸುವ ಕೈ ನಿನ್ನದಾಗುವುದು ನನಗೆ ಸಹಿಸಲಾಗುವುದಿಲ್ಲ.

ಮಕ್ಕಳು ರಸ್ತೆ ದಾಟುವುದು ಅಪಾಯ ಎಂದು ಆಜ್ಞೆಯಲ್ಲಿ ಬರೆದಿದ್ದೀಯ. ನಿನ್ನ ಕಾಗದದಲ್ಲಿ ನ್ಯಾಯವಾದ ಮಾತು ಎಂದರೆ ಅದೊಂದೇ. ಅದಕ್ಕೂ ದಾರಿ ಮಾಡಿದ್ದೇನೆ. ಎದುರು ಶಾಲೆಯ ಮಕ್ಕಳಿಗಾಗಿ ಬರುವ ಸಂಚಾರಿ ಪೇದೆ ಪಾರ್ಕಿನ ದಕ್ಷಿಣ ಗೇಟಿಗೂ ಬರಲು ಒಪ್ಪಿದ್ದಾನೆ. ರಸ್ತೆಗೆ ಪಟ್ಟೆ ಬಳಿಸಿದ್ದೇವೆ. ಮೊನ್ನೆ ಪರೀಕ್ಷೆಗೆಂದು ಒಂದು ತರಗತಿಯನ್ನು ಕರೆಸಿದ್ದೆ. ಮಕ್ಕಳು ಹಿಮಬೆಟ್ಟದಲ್ಲಿ ಕಿರುಚಾಡಿದರು, ಕಣಿವೆಯಲ್ಲಿ ಕೈ ಇಳಿಸಿದರು, ತಗ್ಗಿನಲ್ಲಿ ಕೂತು ಎದ್ದರು, ಕರಾವಳಿಗೆ ಬಂದು ಮುಗಿಯಿತಾ ಎಂದು ಕೇಳಿದರು. ಮುಗಿದಿಲ್ಲ, ಹೋಗಬೇಕು ಎಂದೆ. ಅವರ ಟೀಚರು ಮುಖ ಸಿಂಡರಿಸಿದರು. ಗೇಟಿನಲ್ಲಿ ಕಾಯಬೇಕಾಯಿತು. ನೀರಿನ ಟ್ಯಾಂಕರು ಹೋಯಿತು, ಬಸ್ಸು ಹೋಯಿತು, ಬಿಸಿಲು ಸುಡುತ್ತಿತ್ತು, ಒಬ್ಬ ಹುಡುಗ ವಾಪಸ್ಸು ಹೋಗೋಣ ಎಂದು ಅಳುಮುಖ ಮಾಡಿದ. ಕೊನೆಗೆ ಪೇದೆ ಕೈ ತೋರಿಸಿದ, ದಾಟಿದೆವು. ಅಂಗಳದಲ್ಲಿ ಬಗ್ಗಿ ನೋಡಿದ ಒಂದು ಹುಡುಗಿ ತಿರುಗಿ, ತಾನು ಬಂದ ದಾರಿಯನ್ನು, ಗೇಟಿನ ಮೂಲಕ ಸಣ್ಣಗೆ ಕಾಣುವ ಬಿಳಿ ಬೆಟ್ಟವನ್ನು ನೋಡಿ ಕೇಳಿದಳು, “ಇಲ್ಲಿನವರು ಅಲ್ಲಿಗೆ ಹೋಗ್ಬೇಕಂದ್ರೆ ಇಷ್ಟು ದೂರ ದಾಟ್ಬೇಕಾ?”

ಹೌದು ಎಂದೆ. ಆಮೇಲೆ ಪಂಕ್ಚರಣ್ಣನ ತೊಟ್ಟಿಯಲ್ಲಿ ಮುಖ ತೊಳೆದುಕೊಂಡೆ. ಒಬ್ಬಳಿಗಾದರೂ ಅರ್ಥವಾಯಿತಲ್ಲ ಎನ್ನಿಸಿತು. ಅದೂ ಒಂದು ರಸ್ತೆಯಿಂದ.

ಇಲಾಖೆಯ ಸಿಮೆಂಟನ್ನು ಹೊರಗೆ ಬಳಸಿದ್ದೀರಿ ಎಂದು ಬರೆದಿದ್ದೀಯ. ಬಳಸಿದ್ದೇನೆ. ಸಿಮೆಂಟು ಇಲಾಖೆಯದ್ದು, ದ್ವೀಪ ದೇಶದ್ದು, ಇದರಲ್ಲಿ ಕಳ್ಳತನ ಎಲ್ಲಿದೆ ಎಂದು ನೀನೇ ಹುಡುಕಿ ಹೇಳು. ಕೂಲಿಯವರಿಂದ ಒಡೆಸಿ ಎಂದಿದ್ದೀಯ. ಅವರಿಗೆ ಆಜ್ಞೆ ಓದಿ ಹೇಳಿದೆ. ಹಿಮದ ಮೇಸ್ತ್ರಿ ಸುತ್ತಿಗೆಯನ್ನು ನನ್ನ ಮುಂದೆ ಇಟ್ಟು ಬೀಡಿ ಹಚ್ಚಿಕೊಂಡ. ಉಪ್ಪಿನ ತಗ್ಗಿನವಳು ಅಷ್ಟರಲ್ಲೇ ತನ್ನ ಚಾಪೆ ಎತ್ತಿಕೊಂಡು ರಸ್ತೆ ದಾಟಿ ಹೋಗಿ ಅಂಗಳದಲ್ಲಿ ಹಾಸಿದಳು. ತಮ್ಮ ತಮ್ಮ ಊರಿನ ಎತ್ತರಕ್ಕಾಗಿ ತಿಂಗಳುಗಟ್ಟಲೆ ಜಗಳವಾಡಿದ ಜನ ಇವರು. ಈ ಒಂದು ಮಾತಿಗೆ ಒಬ್ಬರೂ ಅತ್ತಿತ್ತ ಹೊರಳಲಿಲ್ಲ.

ಆದ್ದರಿಂದ ಶುಕ್ರವಾರ ದ್ವೀಪಗಳು ಇದ್ದಲ್ಲೇ ಇರುತ್ತವೆ. ನಾನು ಅವುಗಳ ಪಕ್ಕದಲ್ಲಿ ಇರುತ್ತೇನೆ, ಕೆಲಸ ಇದ್ದರೂ ಸರಿ, ಹೋದರೂ ಸರಿ. ಮಂತ್ರಿಗಳಿಗೆ ಬಿಸಿಲಾದರೆ ಛತ್ರಿ ತರಲಿ. ನಿನಗೆ ಅದನ್ನು ಒಡೆಯಲೇಬೇಕೆಂದಿದ್ದರೆ ಕಾಗದ ಕಳಿಸಬೇಡ. ಆ ಬಂದರಿನಿಂದ ಹೊರಡು, ಕಾರು ಬಿಟ್ಟು ಹೊರಡು, ಗೇಟಿನಲ್ಲಿ ಕಾದು, ರಸ್ತೆ ದಾಟಿ, ಸುತ್ತಿಗೆಯನ್ನು ನಿನ್ನ ಕೈಯಲ್ಲೇ ಹಿಡಿದು ಬಾ. ನಾನು ಅಡ್ಡ ನಿಲ್ಲುತ್ತೇನೆ. ಚಿಕ್ಕಂದಿನಲ್ಲಿ ಜಗಳವಾಡಿದಾಗ ನೀನೇ ಗೆಲ್ಲುತ್ತಿದ್ದೆ. ಈ ಸಲ ಗೆಲ್ಲುವುದಿಲ್ಲ.

ಇದರಲ್ಲಿ ಪ್ರೀತಿ ಕಡಿಮೆಯಾಗಿದೆ ಎಂದುಕೊಳ್ಳಬೇಡ. ಎಳ್ಳಷ್ಟೂ ಕಡಿಮೆಯಾಗಿಲ್ಲ.

ನೀನೇ ಇಟ್ಟ ಹೆಸರಿನವಳು,
ಮೊಂಡಿ

ತಾಜಾ ಕಲಂ: ಅಮ್ಮ ಬಂದಿದ್ದಾಳೆ. ಕಳೆದ ವಾರದ ಹಡಗಿಗೆ ಬಂದಳು, ನಿನಗೆ ತಿಳಿಸಬೇಡ, ಕೆಲಸದಲ್ಲಿರುವವಳು, ತೊಂದರೆಯಾಗುತ್ತದೆ ಎಂದಳು. ಈ ಪಾರ್ಕು ನಿನ್ನ ಕೈಕೆಳಗಿದೆ ಎಂದು ಅವಳಿಗೆ ಗೊತ್ತಿಲ್ಲ. ದಿನವೂ ಪಂಕ್ಚರಣ್ಣನ ಸ್ಟೂಲಿನ ಮೇಲೆ ಕೂತು ಬಂದವರಿಗೆಲ್ಲ ನಮ್ಮ ಮನೆ ಎಲ್ಲಿ ಬರುತ್ತದೆ ಎಂದು ತೋರಿಸುತ್ತಾಳೆ. ನಿನ್ನ ಆಜ್ಞೆ ಬಂದಾಗ ಅವಳು ಅಲ್ಲೇ ಇದ್ದಳು, ಕನ್ನಡಕ ಇರಲಿಲ್ಲ, ಓದಿ ಹೇಳು ಎಂದಳು. ಪೂರ್ತಿ ಓದಿದೆ, ಕೆಳಗಿನ ಸಹಿಯೊಂದನ್ನು ಬಿಟ್ಟು. ಅವಳಿಗೆ ಸಿಟ್ಟು ಬರಲಿಲ್ಲ ಅಕ್ಕ. “ಪಾಪ, ನಮ್ಮ ಕಡೆ ಒಂದ್ಸಲಾನೂ ಬರ್ದೇ ಇರೋರು ಯಾರೋ ಬರೆದಿರ್ಬೇಕು. ಕರ್ಕೊಂಡು ಬಾ ಅವರ್ನ, ನಾನೇ ಕೂರಿಸ್ಕೊಂಡು ತೋರಿಸ್ತೀನಿ” ಎಂದಳು. ಕರೆದುಕೊಂಡು ಬರುತ್ತೇನೆ ಎಂದು ಹೇಳಿದ್ದೇನೆ.